ಯಾವ ಎಡಿಟಿಂಗ್ ಸಾಫ್ಟ್‌ವೇರ್? ಹೊಸ ಫೋಟೊಗ್ರಾಫರ್‌ಗೆ ಒಂಬತ್ತು ಸೂತ್ರ

ಕ್ಯಾಮೆರಾ ಕೈಗೆ ಬಂದ ವಾರದೊಳಗೆ ಹೊಸಬರು ಕೇಳುವ ಪ್ರಶ್ನೆ ಇದು: ‘ಎಡಿಟಿಂಗಿಗೆ ಯಾವ ಸಾಫ್ಟ್‌ವೇರ್ ಹಾಕಿಸಿಕೊಳ್ಳಲಿ?’ ಉತ್ತರ ಕೊಡುವವರಿಗೆ ಬರವಿಲ್ಲ. ಮದುವೆ ಸ್ಟುಡಿಯೊದವರು ಫೋಟೊಶಾಪ್ ಅನ್ನುತ್ತಾರೆ, ಕಾಡು ಸುತ್ತುವವರು ಲೈಟ್‌ರೂಮ್ ಅನ್ನುತ್ತಾರೆ, ಕಾಲೇಜು ಹುಡುಗರು ಮೊಬೈಲೇ ಸಾಕು ಅನ್ನುತ್ತಾರೆ. ಅವರವರ ಕೆಲಸಕ್ಕೆ ಮೂವರ ಮಾತೂ ಸರಿ. ನಿಮ್ಮ ಕೆಲಸ ಯಾವುದೆಂದು ತಿಳಿಯದೆ ಆರಿಸಲು ಹೊರಟರೆ ದುಡ್ಡೂ ದಂಡ, ಭಾನುವಾರಗಳೂ ದಂಡ.

1. ಫೋಟೊ ಕೊನೆಗೆ ಎಲ್ಲಿ ಸೇರುತ್ತದೆ, ನೋಡಿಕೊಳ್ಳಿ.
ವಾಟ್ಸ್‌ಆ್ಯಪ್ ಸ್ಟೇಟಸ್ಸು, ಇನ್‌ಸ್ಟಾಗ್ರಾಮ್ ಅಷ್ಟೇ ಆದರೆ ಫೋನಿನಲ್ಲಿ ಸ್ನ್ಯಾಪ್‌ಸೀಡ್ ಇದ್ದರೆ ಧಾರಾಳವಾಯಿತು. ಗೂಗಲ್‌ನ ಉಚಿತ ಆ್ಯಪ್ ಅದು. ಫೋಟೊದ ಮೂಲೆಯಲ್ಲಿ ತನ್ನ ಹೆಸರು ಒತ್ತುವುದಿಲ್ಲ. 12×18 ಇಂಚಿನ ಪ್ರಿಂಟ್ ಹಾಕಿಸಬೇಕು, ಒಂದೇ ಸಮಾರಂಭದ ಸಾವಿರ ಫೋಟೊ ತಿದ್ದಬೇಕು ಅಂದರೆ ಕಂಪ್ಯೂಟರ್ ಬೇಕೇ ಬೇಕು.

2. ಎರಡು ಬಗೆಯ ಸಾಫ್ಟ್‌ವೇರ್ ಇವೆ, ಗೊಂದಲ ಬೇಡ.
ಬೆಳಕು, ಬಣ್ಣ ತಿದ್ದಿ, ಫೋಟೊಗಳನ್ನು ಗುಂಪಾಗಿ ನಿಭಾಯಿಸುವವು ಒಂದು ಬಗೆ: ಲೈಟ್‌ರೂಮ್, ಕ್ಯಾಪ್ಚರ್ ಒನ್, ಡಾರ್ಕ್‌ಟೇಬಲ್, ರಾಥೆರಪಿ. ಒಂದೊಂದೇ ಫೋಟೊವನ್ನು ಲೇಯರ್ ಲೇಯರ್ ಆಗಿ ಕತ್ತರಿಸಿ ಜೋಡಿಸುವವು ಇನ್ನೊಂದು: ಫೋಟೊಶಾಪ್, ಗಿಂಪ್, ಅಫಿನಿಟಿ. ಹೆಸರು ಕೇಳಿ ಎಲ್ಲರೂ ಫೋಟೊಶಾಪಿಗೆ ಹಾರುತ್ತಾರೆ. ಹೊಸಬರಿಗೆ ದಿನಾ ಬೇಕಾಗುವುದು ಮೊದಲ ಬಗೆಯದು. ಆಲ್ಬಂ ಡಿಸೈನ್, ಪೋಸ್ಟರ್ ಕೆಲಸ ಬಂದಾಗ ಎರಡನೆಯದನ್ನು ನೋಡಿಕೊಂಡರಾಯಿತು.

3. ಕ್ಯಾಮೆರಾ ಕಂಪನಿಯೇ ಕೊಡುವುದನ್ನು ಮೊದಲು ಬಳಸಿ.
ಕ್ಯಾನನ್‌ಗೆ ಡಿಜಿಟಲ್ ಫೋಟೊ ಪ್ರೊಫೆಷನಲ್, ನಿಕಾನ್‌ಗೆ ಎನ್‌ಎಕ್ಸ್ ಸ್ಟುಡಿಯೊ, ಸೋನಿಗೆ ಇಮೇಜಿಂಗ್ ಎಡ್ಜ್. ಮೂರೂ ಉಚಿತ. ಕ್ಯಾಮೆರಾದ ಪರದೆಯ ಮೇಲೆ ಕಂಡ ಬಣ್ಣ ಇವುಗಳಲ್ಲಿ ಹೆಚ್ಚುಕಡಿಮೆ ಹಾಗೆಯೇ ಕಾಣುತ್ತದೆ. ಕೆಲಸ ಸ್ವಲ್ಪ ನಿಧಾನ, ಬೇರೆ ಕಂಪನಿಯ ರಾ ಫೈಲ್ (ಕ್ಯಾಮೆರಾ ದಾಖಲಿಸಿದ, ಸಂಸ್ಕರಿಸದ ಮೂಲ ಫೈಲ್) ಹಾಕಿದರೆ ಕೈಯೆತ್ತುತ್ತವೆ. ಆದರೂ ಕಲಿಯಲು ಇದಕ್ಕಿಂತ ಅಗ್ಗದ ದಾರಿ ಇಲ್ಲ.

4. ಒಂದು ಕಷ್ಟದ ಫೋಟೊ ಹಿಡಿದು ಪರೀಕ್ಷೆ ಮಾಡಿ.
ಯೂಟ್ಯೂಬಿನ ಡೆಮೊದಲ್ಲಿ ಹಿಮಾಲಯದ ಸೂರ್ಯೋದಯ ಇರುತ್ತದೆ. ಅದು ಯಾವ ಸಾಫ್ಟ್‌ವೇರಿನಲ್ಲೂ ಚೆನ್ನಾಗಿಯೇ ಕಾಣುತ್ತದೆ. ನೀವು ಕಲ್ಯಾಣ ಮಂಟಪದಲ್ಲಿ ತೆಗೆದ ಧಾರೆಯ ಫೋಟೊ ಒಂದನ್ನು ತೆಗೆದುಕೊಳ್ಳಿ, ರಾ ಫೈಲೇ ಆಗಿರಲಿ. ಹಿಂದೆ ನೇರಳೆ ಎಲ್‌ಇಡಿ, ಮೇಲಿಂದ ಹಳದಿ ಫೋಕಸ್ ಲೈಟು, ಮದುಮಗನ ಬಿಳಿ ಶಲ್ಯ, ಮದುಮಗಳ ಗಾಢ ಕೆಂಪು ರೇಷ್ಮೆ. ಸಾಫ್ಟ್‌ವೇರಿನ ಯೋಗ್ಯತೆ ಗೊತ್ತಾಗುವುದು ಇಂಥದ್ದರಲ್ಲಿ.

ಮೊದಲು ಹೈಲೈಟ್ಸ್ ಇಳಿಸಿ. ಬರೀ ಬಿಳಿ ಮಚ್ಚೆಯಾಗಿದ್ದ ಶಲ್ಯದಲ್ಲಿ ಮಡಿಕೆ, ಜರಿ ಅಂಚು ಮೂಡಬೇಕು. ಅದೇ ಹೊತ್ತಿನ ಜೆಪೆಗ್‌ನಲ್ಲಿ ಇದನ್ನೇ ಮಾಡಿದರೆ ಬಿಳಿ ಹೋಗಿ ಬೂದಿ ಬಣ್ಣವಾಗುತ್ತದೆ, ಅಷ್ಟೇ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಹಂತ, 14 ಬಿಟ್ ರಾನಲ್ಲಿ 16,384. ರಾನಲ್ಲೂ ಪೂರ್ತಿ ಸುಟ್ಟುಹೋದ ಬಿಳಿಯನ್ನು ಯಾವ ಸಾಫ್ಟ್‌ವೇರೂ ವಾಪಸ್ ತರಲಾರದು, ಅದು ನೆನಪಿರಲಿ.

ಆಮೇಲೆ ವೈಟ್ ಬ್ಯಾಲೆನ್ಸ್. ಎದುರಿನ ಬೆಳಕು ಬಿದ್ದಿರುವ ಶಲ್ಯದ ಮಡಿಕೆಯ ಮೇಲೆ ಕ್ಲಿಕ್ ಮಾಡಿ. ನೇರಳೆ ಬೆಳಕು ತಾಗಿದ ಕಡೆ ಮಾಡಿದರೆ ಇಡೀ ಫೋಟೊ ಹಸಿರಿಗೆ ತಿರುಗುತ್ತದೆ. ಮದುಮಗಳ ಕೆನ್ನೆಯ ಅರಿಸಿನ ಅರಿಸಿನದಂತೆಯೇ ಉಳಿಯಿತೇ? ಶ್ಯಾಡೋಸ್ ಏರಿಸಿದಾಗ ಸೀರೆಯ ನೆರಳಿನಲ್ಲಿ ಮರಳು ಚೆಲ್ಲಿದಂತೆ ಕಾಳು ಎದ್ದಿತೇ? ಇದೇ ಫೈಲನ್ನು ಎರಡು ಸಾಫ್ಟ್‌ವೇರಿನಲ್ಲಿ ತಿದ್ದಿ ಅಕ್ಕಪಕ್ಕ ಇಟ್ಟು ನೋಡಿ. ಬೇಕಾದ ಸ್ಲೈಡರ್ ಎಲ್ಲಿದೆ ಎಂದು ಹುಡುಕುವುದರಲ್ಲೇ ಸಾಕಾಗಿಹೋದರೆ, ಎಷ್ಟೇ ಒಳ್ಳೆಯದಾದರೂ ಅದು ಸದ್ಯಕ್ಕೆ ನಿಮ್ಮದಲ್ಲ.

5. ಬಾಡಿಗೆಯದಾದರೆ ಕರಾರು ಓದಿ.
ಅಡೋಬಿ 2013ರಲ್ಲಿ ಬಾಡಿಗೆ ಪದ್ಧತಿಗೆ ಹೊರಳಿತು. ಒಮ್ಮೆ ಕೊಂಡು ಕಾಯಂ ಇಟ್ಟುಕೊಳ್ಳಬಹುದಾಗಿದ್ದ ಕೊನೆಯ ಲೈಟ್‌ರೂಮ್ ಬಂದದ್ದು 2015ರಲ್ಲಿ. ಈಗ ಹಣ ಕಟ್ಟುವುದು ನಿಂತರೆ ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಫೋಟೊ ನೋಡಬಹುದು, ಎಕ್ಸ್‌ಪೋರ್ಟ್ ಮಾಡಬಹುದು, ಆದರೆ ತಿದ್ದುವ ಡೆವಲಪ್ ವಿಭಾಗದ ಬಾಗಿಲು ಮುಚ್ಚುತ್ತದೆ. ಇನ್ನೊಂದು ವಿಷಯ: ತಿಂಗಳ ಕಂತಿನಂತೆ ಕಾಣುವ ಪ್ಲಾನ್ ಎಷ್ಟೋ ಸಲ ಒಂದು ವರ್ಷದ ಒಪ್ಪಂದವಾಗಿರುತ್ತದೆ, ನಡುವೆ ಬಿಟ್ಟರೆ ಶುಲ್ಕ ಬೀಳುತ್ತದೆ. ಡಾರ್ಕ್‌ಟೇಬಲ್, ರಾಥೆರಪಿ, ಗಿಂಪ್‌ಗಳಿಗೆ ಈ ತಂಟೆಯೇ ಇಲ್ಲ; ಮುಕ್ತ ತಂತ್ರಾಂಶಗಳು, ಒಂದು ರೂಪಾಯಿ ಖರ್ಚಿಲ್ಲ. 2024ರಲ್ಲಿ ಕ್ಯಾನ್ವಾ ಕೊಂಡ ಅಫಿನಿಟಿ ಕೂಡ 2025ರಲ್ಲಿ ಉಚಿತವಾಯಿತು.

6. ಕ್ರ್ಯಾಕ್ ಹಾಕಿಸಬೇಡಿ.
‘ಐನೂರು ಕೊಡಿ ಸಾರ್, ಎಲ್ಲಾ ಹಾಕಿಕೊಡ್ತೀನಿ’ ಅನ್ನುವವರು ಪ್ರತಿ ಊರಿನಲ್ಲೂ ಇದ್ದಾರೆ. ಅದರ ಜೊತೆ ವೈರಸ್ ಬಂದು ಗಿರಾಕಿಯ ಮದುವೆ ಫೋಟೊಗಳು ಲಾಕ್ ಆದರೆ ಯಾರ ಮನೆಗೆ ಹೋಗಿ ಏನು ಹೇಳುತ್ತೀರಿ? ಇಷ್ಟೊಂದು ಉಚಿತ ಸಾಫ್ಟ್‌ವೇರ್ ಇರುವ ಕಾಲದಲ್ಲಿ ಕದಿಯುವುದಕ್ಕೆ ನೆಪವೂ ಇಲ್ಲ.

7. ಕಂಪ್ಯೂಟರ್ ಏನನ್ನುತ್ತದೆ, ಕೇಳಿ.
8 ಜಿಬಿ ರ್‍ಯಾಮ್‌ನಲ್ಲಿ ಲೈಟ್‌ರೂಮ್ ತೆವಳುತ್ತದೆ, 16 ಇದ್ದರೆ ನಡೆಯುತ್ತದೆ. ಎಸ್‌ಎಸ್‌ಡಿ ಇರಲಿ. ನಿಮ್ಮ ಕ್ಯಾಮೆರಾ ಮಾಡೆಲ್ ಆ ಸಾಫ್ಟ್‌ವೇರಿನ ಪಟ್ಟಿಯಲ್ಲಿದೆಯೇ ಎಂದೂ ನೋಡಿ. ಹೊಸ ಕ್ಯಾಮೆರಾದ ರಾ ಫೈಲನ್ನು ಹಳೆಯ ಆವೃತ್ತಿಗಳು ತೆರೆಯುವುದಿಲ್ಲ. ಹಾಗಾದಾಗ ಅಡೋಬಿಯ ಉಚಿತ ಡಿಎನ್‌ಜಿ ಕನ್ವರ್ಟರ್ ಕೈಹಿಡಿಯುತ್ತದೆ.

8. ಕನ್ನಡ ಬರೆದು ನೋಡಿ.
ಫೋಟೊ ಮೇಲೆ ಹೆಸರು, ಶುಭಾಶಯ ಹಾಕುವವರಿಗೆ ಇದು ದೊಡ್ಡ ವಿಷಯ. ಯುನಿಕೋಡ್ ಫಾಂಟ್ ಇಟ್ಟು ‘ಜ್ಯೋತ್ಸ್ನಾ’ ಎಂದು ಟೈಪ್ ಮಾಡಿ. ಒತ್ತಕ್ಷರ ಕೆಳಗಿಳಿಯದೆ ಚೆಲ್ಲಾಪಿಲ್ಲಿಯಾದರೆ ಹಳೆಯ ಫೋಟೊಶಾಪ್ ಆವೃತ್ತಿಗಳ ಪ್ರಿಫರೆನ್ಸಸ್‌ನಲ್ಲಿ ಟೈಪ್ ವಿಭಾಗಕ್ಕೆ ಹೋಗಿ ವರ್ಲ್ಡ್-ರೆಡಿ ಲೇಔಟ್ ಆರಿಸಬೇಕು. ಗಿಂಪ್‌ನಲ್ಲಿ ಯಾವ ಸೆಟ್ಟಿಂಗೂ ಮುಟ್ಟದೆ ಸರಿಯಾಗಿ ಮೂಡುತ್ತದೆ. ಈ ಒಂದು ವಿಷಯದಲ್ಲಿ ಬಿಟ್ಟಿಯದೇ ಮೇಲು.

9. ಸಲೋನ್‌ಗೆ ಕಳಿಸುವವರು ಮೂಲ ಫೈಲ್ ಕಾಪಾಡಿಕೊಳ್ಳಿ.
ಕಬಿನಿಯ ಚಿರತೆ, ರಂಗನತಿಟ್ಟಿನ ಹಕ್ಕಿ ತೆಗೆದು ಸಲೋನ್‌ಗೆ, ಅಂದರೆ ಫೋಟೊ ಸ್ಪರ್ಧೆಗೆ, ಕಳಿಸುವ ಆಸೆಯಿದ್ದರೆ ನಿಯಮ ತಿಳಿದಿರಿ. ಫಿಯಾಪ್, ಪಿಎಸ್‌ಎ ಎಂಬ ಫೋಟೊಗ್ರಫಿ ಸಂಸ್ಥೆಗಳ ಮಾನ್ಯತೆಯ ಸಲೋನ್‌ಗಳ ನೇಚರ್ ವಿಭಾಗದಲ್ಲಿ ಕ್ರಾಪ್ ಮಾಡಬಹುದು. ಅಡ್ಡ ಬಂದ ಕೊಂಬೆಯನ್ನು ಅಳಿಸುವಂತಿಲ್ಲ, ಇಲ್ಲದ್ದನ್ನು ಸೇರಿಸುವಂತಿಲ್ಲ. ಅನುಮಾನ ಬಂದರೆ ರಾ ಫೈಲ್ ಕೇಳುತ್ತಾರೆ. ಲೈಟ್‌ರೂಮ್, ಡಾರ್ಕ್‌ಟೇಬಲ್‌ಗಳು ರಾ ಫೈಲಿನ ಚಿತ್ರವನ್ನು ಮುಟ್ಟದೆ ತಿದ್ದುಪಡಿಯನ್ನು ಬೇರೆಯಾಗಿ ಬರೆದಿಡುತ್ತವೆ. ಒಂದೇ ಗುಂಡಿ ಒತ್ತಿದರೆ ಎಐ ಆಕಾಶ ಬದಲಿಸಿಕೊಡುವ ಸಾಫ್ಟ್‌ವೇರ್ ಈ ದಾರಿಯವರಿಗೆ ಬೇಡ.

ಇಷ್ಟಾದ ಮೇಲೂ ‘ಒಂದು ಹೆಸರು ಹೇಳಿಬಿಡಿ’ ಅಂದರೆ: ಕ್ಯಾಮೆರಾದಿಂದ ಇನ್ನೂ ದುಡಿಮೆ ಶುರುವಾಗದವರು ಕಂಪನಿಯ ಸಾಫ್ಟ್‌ವೇರಿನಲ್ಲಿ ಕೈ ಪಳಗಿಸಿಕೊಂಡು ಡಾರ್ಕ್‌ಟೇಬಲ್‌ಗೆ ಹೋಗಲಿ. ಮೊದಲ ಮದುವೆ ಆರ್ಡರ್ ಸಿಕ್ಕವರು ಆ ಅಡ್ವಾನ್ಸ್‌ನಲ್ಲೇ ಲೈಟ್‌ರೂಮ್ ಬಾಡಿಗೆ ಕಟ್ಟಲಿ. ಯಾವುದೇ ಆಗಲಿ, ಆರು ತಿಂಗಳು ಬದಲಿಸಬೇಡಿ. ಒಂದರಲ್ಲಿ ಮಾಡಿದ ತಿದ್ದುಪಡಿ ಇನ್ನೊಂದಕ್ಕೆ ಇದ್ದ ಹಾಗೇ ಹೋಗುವುದಿಲ್ಲ.