ಒಬ್ಬರೇ ನುಡಿಸುವ ಮೇಳ

ವಿದ್ಯಾರ್ಥಿಗಳೇ, ವೇದಿಕೆಯ ಮೇಲೆ ಒಬ್ಬರೇ ಕಲಾವಿದರು ನಿಂತಿದ್ದಾರೆ ಎಂದುಕೊಳ್ಳಿ. ಅವರು ಮೊದಲು ಬಾಯಿಂದಲೇ ತಾಳ ನುಡಿಸುತ್ತಾರೆ. ಕಾಲಿನಿಂದ ಒಂದು ಗುಂಡಿ ಒತ್ತಿ ಸುಮ್ಮನಾಗುತ್ತಾರೆ. ಆದರೆ ತಾಳ ನಿಲ್ಲುವುದಿಲ್ಲ! ಧ್ವನಿವರ್ಧಕದಿಂದ ಮತ್ತೆ ಮತ್ತೆ ಕೇಳಿಬರುತ್ತಲೇ ಇರುತ್ತದೆ. ಅದರ ಮೇಲೆ ಗಿಟಾರ್ ನುಡಿಸಿ ಅದನ್ನೂ ಸೇರಿಸುತ್ತಾರೆ. ಆಮೇಲೆ ಹಾಡತೊಡಗುತ್ತಾರೆ. ಕಣ್ಣು ಮುಚ್ಚಿ ಕೇಳಿದರೆ ನಾಲ್ಕೈದು ಜನರ ಮೇಳದಂತೆ ಇರುತ್ತದೆ. ಇದು ಹೇಗೆ ಸಾಧ್ಯ? ಇಷ್ಟೆಲ್ಲ ಧ್ವನಿಗಳು ತಾಳ ತಪ್ಪದೆ ಒಟ್ಟಿಗೆ ಸಾಗುವುದು ಹೇಗೆ? ತಿಳಿಯೋಣ ಬನ್ನಿ.

ಲೂಪ್ ಎಂದರೇನು?

ಲೂಪ್ ಎಂದರೆ ಕುಣಿಕೆ. ಟೇಪ್ ರೆಕಾರ್ಡರ್ ಕಾಲದಲ್ಲಿ ಟೇಪಿನ ತುಂಡೊಂದರ ಎರಡು ತುದಿಗಳನ್ನು ಅಂಟಿಸಿ ಬಳೆಯಂತೆ ಮಾಡುತ್ತಿದ್ದರು. ಅದು ಯಂತ್ರದಲ್ಲಿ ಸುತ್ತುತ್ತಿದ್ದರೆ ಅದೇ ಧ್ವನಿ ಮರುಕಳಿಸುತ್ತಿತ್ತು. 1960ರ ದಶಕದಲ್ಲಿ ಅಮೆರಿಕದ ಸಂಗೀತಗಾರ ಟೆರ್ರಿ ರೈಲಿ ಎರಡು ಟೇಪ್ ರೆಕಾರ್ಡರ್‌ಗಳ ನಡುವೆ ಒಂದೇ ಟೇಪನ್ನು ಹಾಯಿಸಿ, ತಾವು ನುಡಿಸಿದ್ದು ಸ್ವಲ್ಪ ಹೊತ್ತಿನ ನಂತರ ಮತ್ತೆ ಕೇಳುವಂತೆ ಮಾಡಿದರು.

ಇಂದು ಈ ಕೆಲಸವನ್ನು ಗಣಕಯಂತ್ರದ ತಂತ್ರಾಂಶ ಮಾಡುತ್ತದೆ. ಮೈಕ್ ಧ್ವನಿಯನ್ನು ವಿದ್ಯುತ್ ಸಂಕೇತವಾಗಿ ಬದಲಿಸುತ್ತದೆ. ಗಣಕವು ಆ ಸಂಕೇತವನ್ನು ಒಂದು ಸೆಕೆಂಡಿನಲ್ಲಿ 44,100 ಬಾರಿ ಅಳೆಯುತ್ತದೆ ಎಂದಿಟ್ಟುಕೊಳ್ಳಿ. ಆಗ 4 ಸೆಕೆಂಡಿನ ಧ್ವನಿ ಎಂದರೆ 1,76,400 ಸಂಖ್ಯೆಗಳ ಸಾಲು. ಕೊನೆಯ ಸಂಖ್ಯೆ ಮುಗಿದೊಡನೆ ಮೊದಲನೆಯದಕ್ಕೆ ಮರಳಿದರೆ ಲೂಪ್ ಸಿದ್ಧ!

ಸೂಪರ್‌ಲೂಪರ್ ಏನೇನು ಮಾಡುತ್ತದೆ?

ಜೆಸ್ಸಿ ಚಾಪೆಲ್ ಎಂಬವರು ರಚಿಸಿದ ಸೂಪರ್‌ಲೂಪರ್ ಇಂಥ ಒಂದು ಮುಕ್ತ ತಂತ್ರಾಂಶ. ಇದರಲ್ಲಿ ಹಲವು ಸೌಲಭ್ಯಗಳಿವೆ.

* ಓವರ್‌ಡಬ್: ಹಳೆಯ ಧ್ವನಿಯ ಮೇಲೆ ಹೊಸ ಧ್ವನಿಯನ್ನು ಸೇರಿಸುವುದು. ಗಣಕ ಇಲ್ಲಿ ಮಾಡುವುದು ಬರೀ ಕೂಡುವ ಲೆಕ್ಕ.
* ಅನ್‌ಡೂ: ಸೇರಿಸಿದ್ದು ಸರಿಬಾರದಿದ್ದರೆ ಅದನ್ನು ತೆಗೆದು ಹಿಂದಿನ ಸ್ಥಿತಿಗೆ ಮರಳುವುದು.
* ಮಲ್ಟಿಪ್ಲೈ: ಚಿಕ್ಕ ಲೂಪನ್ನು ಎರಡು, ಮೂರು ಪಟ್ಟು ಉದ್ದ ಮಾಡುವುದು. ಆಗ ಅದರ ಮೇಲೆ ಉದ್ದನೆಯ ರಾಗವನ್ನು ನುಡಿಸಬಹುದು.
* ರಿವರ್ಸ್: ಸಂಖ್ಯೆಗಳನ್ನು ಕೊನೆಯಿಂದ ಮೊದಲಿಗೆ ಓದುವುದು. ಧ್ವನಿ ಹಿಂದುಮುಂದಾಗಿ ಕೇಳುತ್ತದೆ.

ಸಣ್ಣ ವ್ಯತ್ಯಾಸ ಬೆಳೆಯುವ ಬಗೆ

ತಾಳದ ಲೂಪ್ ಸರಿಯಾಗಿ 4 ಸೆಕೆಂಡ್ ಇದೆ. ಗಿಟಾರಿನ ಲೂಪನ್ನು ಬೇರೆಯಾಗಿ ಮುದ್ರಿಸುವಾಗ ಗುಂಡಿ ಒತ್ತುವುದು ಸ್ವಲ್ಪ ತಡವಾಗಿ, ಅದು 4.02 ಸೆಕೆಂಡ್ ಆಯಿತು. ವ್ಯತ್ಯಾಸ 0.02 ಸೆಕೆಂಡ್ ಮಾತ್ರ. ಮೊದಲ ಸುತ್ತಿನಲ್ಲಿ ಇದು ಗೊತ್ತೂ ಆಗುವುದಿಲ್ಲ. ಆದರೆ ಲೂಪ್ ಮತ್ತೆ ಮತ್ತೆ ಸುತ್ತುತ್ತದೆ. ಪ್ರತಿ ಸುತ್ತಿಗೂ ವ್ಯತ್ಯಾಸ ಕೂಡುತ್ತಾ ಹೋಗುತ್ತದೆ. 50 ಸುತ್ತು ಮುಗಿಯುವಾಗ ಅದು 0.02 × 50 = 1 ಸೆಕೆಂಡ್! ಸೆಕೆಂಡಿಗೆ ಒಂದು ಪೆಟ್ಟಿನ ತಾಳವಾದರೆ ಗಿಟಾರ್ ಇಡೀ ಒಂದು ಪೆಟ್ಟು ಹಿಂದೆ ಬಿದ್ದಿರುತ್ತದೆ. ಇಷ್ಟಾಗಲು ಬೇಕಾದದ್ದು ಕೇವಲ ಮೂರು ನಿಮಿಷ 20 ಸೆಕೆಂಡ್.

ಪರಿಹಾರವೇನು? ಎಲ್ಲ ಲೂಪ್‌ಗಳೂ ಒಂದೇ ಅಳತೆಯನ್ನು ಅನುಸರಿಸಬೇಕು. ಹೀಗೆ ಕಾಲವನ್ನು ಹೊಂದಿಸುವುದಕ್ಕೆ 'ಸಿಂಕ್' ಎನ್ನುತ್ತಾರೆ. ಸೂಪರ್‌ಲೂಪರ್‌ನಲ್ಲಿ ಸಿಂಕ್ ಜೊತೆಗೆ 'ಕ್ವಾಂಟೈಸ್' ಎಂಬ ಸೌಲಭ್ಯವನ್ನೂ ಬಳಸಿದರೆ, ಗುಂಡಿ ಒತ್ತಿದೊಡನೆ ಮುದ್ರಣ ನಿಲ್ಲುವುದಿಲ್ಲ. ತಾಳದ ಸುತ್ತು ಮುಗಿಯುವವರೆಗೆ ಕಾದು ನಂತರ ನಿಲ್ಲುತ್ತದೆ. ಹಾಗಾಗಿ ಎರಡನೆಯ ಲೂಪ್ 4, 8 ಅಥವಾ 12 ಸೆಕೆಂಡ್ ಆಗುತ್ತದೆ, 4.02 ಆಗುವುದಿಲ್ಲ. ಆದರೆ ಗುಂಡಿಯನ್ನು ಸುತ್ತು ಮುಗಿಯುವ ಮೊದಲೇ ಒತ್ತಬೇಕು. ತಡವಾದರೆ ಬಸ್ಸು ತಪ್ಪಿದಂತೆ, ಮುಂದಿನ ಸುತ್ತು ಮುಗಿಯುವವರೆಗೆ ಕಾಯಬೇಕು.

ಎರಡು ಯಂತ್ರಗಳಿದ್ದರೆ?

ಪ್ರತಿ ಗಣಕದೊಳಗೂ ಸ್ಫಟಿಕದ ಕಂಪನದಿಂದ ನಡೆಯುವ ಗಡಿಯಾರವಿದೆ. ಯಾವ ಎರಡು ಸ್ಫಟಿಕಗಳೂ ಕರಾರುವಾಕ್ಕಾಗಿ ಒಂದೇ ವೇಗದಲ್ಲಿ ಕಂಪಿಸುವುದಿಲ್ಲ. ಆದ್ದರಿಂದ ಎರಡು ಯಂತ್ರಗಳು ಒಟ್ಟಿಗೆ ಹೊರಟರೂ ನಿಧಾನವಾಗಿ ಬೇರೆಯಾಗುತ್ತವೆ. ಇದಕ್ಕಾಗಿ 1983ರಲ್ಲಿ ಬಂದ 'ಮಿಡಿ' ಎಂಬ ಪದ್ಧತಿ ಬಳಕೆಯಲ್ಲಿದೆ. ಒಂದು ಯಂತ್ರ ಮುಂದಾಳಾಗಿ ಪ್ರತಿ ಪೆಟ್ಟಿಗೆ 24 ಸೂಚನೆಗಳನ್ನು ಕಳುಹಿಸುತ್ತದೆ. ಉಳಿದ ಯಂತ್ರಗಳು ತಮ್ಮ ಗಡಿಯಾರವನ್ನು ಬಿಟ್ಟು ಆ ಸೂಚನೆಗಳನ್ನು ಎಣಿಸುತ್ತಾ ಸಾಗುತ್ತವೆ. ಮುಂದಾಳು ವೇಗ ಹೆಚ್ಚಿಸಿದರೆ ಸೂಚನೆಗಳೂ ಬೇಗ ಬೇಗ ಬರುತ್ತವೆ, ಎಲ್ಲರೂ ವೇಗ ಹೆಚ್ಚಿಸುತ್ತಾರೆ.

ಮಾಡಿ ನೋಡಿ

ಬೇಕಾಗುವ ಸಾಮಗ್ರಿಗಳು: ಎರಡು ದಾರ, ಒಂದೇ ಗಾತ್ರದ ಎರಡು ಕಲ್ಲು, ಅಳತೆಪಟ್ಟಿ.

ಕಲ್ಲುಗಳನ್ನು ದಾರಕ್ಕೆ ಕಟ್ಟಿ ಒಂದೇ ಕೋಲಿಗೆ ಅಕ್ಕಪಕ್ಕ ತೂಗುಹಾಕಿ. ಗಂಟಿನಿಂದ ಕಲ್ಲಿನ ಮಧ್ಯದವರೆಗೆ ಒಂದು ಲೋಲಕದ ಉದ್ದ 100 ಸೆ.ಮೀ., ಇನ್ನೊಂದರ ಉದ್ದ 90 ಸೆ.ಮೀ. ಇರಲಿ. ಕೋಲು ಅಲುಗದಂತೆ ಗಟ್ಟಿಯಾಗಿರಲಿ. ಎರಡನ್ನೂ ಸ್ವಲ್ಪವೇ ಎಳೆದು ಒಟ್ಟಿಗೆ ಬಿಡಿ. ಮೊದಲು ಜೊತೆಯಾಗಿ ತೂಗುತ್ತವೆ. ಸುಮಾರು 10 ಆಂದೋಲನಗಳಾಗುವಷ್ಟರಲ್ಲಿ ಒಂದು ಈ ಕಡೆ ಇದ್ದರೆ ಇನ್ನೊಂದು ಆ ಕಡೆ! ಈಗ ಎರಡರ ಉದ್ದವನ್ನೂ 100 ಸೆ.ಮೀ. ಮಾಡಿ ಮತ್ತೆ ಬಿಡಿ. ಎಷ್ಟು ಹೊತ್ತು ಜೊತೆಯಾಗಿ ತೂಗುತ್ತವೆ? ಎಣಿಸಿ, ಬರೆದುಕೊಳ್ಳಿ.

ಯೋಚಿಸಿ

1. 4 ಸೆಕೆಂಡಿನ ಲೂಪ್ ಮತ್ತು 6 ಸೆಕೆಂಡಿನ ಲೂಪ್ ಒಟ್ಟಿಗೆ ಆರಂಭವಾದರೆ, ಮತ್ತೆ ಒಟ್ಟಿಗೆ ಆರಂಭವಾಗುವುದು ಎಷ್ಟು ಸೆಕೆಂಡಿನ ನಂತರ? ಲ.ಸಾ.ಅ. ಕಂಡುಹಿಡಿಯಿರಿ.
2. ನಿಮಿಷಕ್ಕೆ 120 ಪೆಟ್ಟಿನ ತಾಳಕ್ಕೆ ಮುಂದಾಳು ಯಂತ್ರ ಸೆಕೆಂಡಿಗೆ ಎಷ್ಟು ಸೂಚನೆ ಕಳುಹಿಸುತ್ತದೆ?

ಉತ್ತರಗಳು: 1. 12 ಸೆಕೆಂಡ್ 2. 48