ಬಾಯಿ ಕಿರಿದು, ಬೆಳಕು ಚೆಲ್ಲಾಪಿಲ್ಲಿ

ಪ್ರಶ್ನೆ: ಫೋಟಾನಿಕ್ ಕ್ರಿಸ್ಟಲ್ ವೇವ್‌ಗೈಡ್‌ನೊಳಗೆ ಬೆಳಕು ಕಡಿದಾದ ತಿರುವಿನಲ್ಲೂ ಹಾದಿ ಬಿಡುವುದಿಲ್ಲ ಎಂದು ಓದಿದೆ. ಆದರೆ ತುದಿಯಿಂದ ಹೊರಬಿದ್ದೊಡನೆ ಎಲ್ಲ ಕಡೆ ಹರಡುತ್ತದಂತೆ. ಬಾಯಿ ಕಿರಿದಾದಷ್ಟೂ ಕಿರಣ ಸಪೂರವಾಗಬೇಕಲ್ಲವೇ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಆಗುವುದು ಇದಕ್ಕೆ ತಿರುಗಾಮುರುಗಾ. ಸಿಲಿಕಾನ್ ಪದರದಲ್ಲಿ ಸುಮಾರು 400 ನ್ಯಾನೋಮೀಟರ್‌ಗೊಂದರಂತೆ ರಂಧ್ರ ಕೊರೆದು, ನಡುವೆ ಒಂದು ಸಾಲನ್ನು ಮಾತ್ರ ಕೊರೆಯದೆ ಬಿಟ್ಟರೆ ಅದೇ ಬೆಳಕಿನ ಹಾದಿ. ಅಕ್ಕಪಕ್ಕದ ರಂಧ್ರಗಳ ಸಾಲು ನಿರ್ದಿಷ್ಟ ತರಂಗಾಂತರಗಳನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಬೆಳಕಿಗೆ ಬೇರೆ ದಾರಿಯಿಲ್ಲ. ತುದಿ ದಾಟಿದರೆ ಆ ಕಾವಲು ಮುಗಿಯಿತು. ದೂರಸಂಪರ್ಕದಲ್ಲಿ ಹೆಚ್ಚಾಗಿ ಬಳಸುವ ಬೆಳಕಿನ ತರಂಗಾಂತರ ಸುಮಾರು 1550 ನ್ಯಾನೋಮೀಟರ್. ಅದಕ್ಕಿಂತ ಕಿರಿದಾದ ಬಾಯಿಂದ ಹೊರಟ ಅಲೆ ವಿವರ್ತನೆಗೊಂಡು ಅಗಲವಾಗಿ ಹರಡಲೇಬೇಕು. ಬಾಯಿ ಕಿರಿದಾದಷ್ಟೂ ಹರಡಿಕೆ ಹೆಚ್ಚು.

ಪ್ರಶ್ನೆ: ಲೆನ್ಸ್ ಇಡದೆ ಇದನ್ನು ನೇರ ಕಿರಣವಾಗಿಸಬಹುದೇ?

ಉತ್ತರ: ಖಂಡಿತ. ಬಾಯಿಯ ಗಾತ್ರವನ್ನು ಬಿಟ್ಟು ಅದರ ಆಚೀಚಿನ ಮುಖವನ್ನು ತಿದ್ದಬೇಕು. 2002ರಲ್ಲಿ ವಿಜ್ಞಾನಿ ಥಾಮಸ್ ಎಬ್ಬೆಸೆನ್ ಮತ್ತು ಸಂಗಡಿಗರು ಲೋಹದ ಹಾಳೆಯ ಪುಟ್ಟ ರಂಧ್ರದ ಸುತ್ತ ಗೀರುಗಳನ್ನು ಕೊರೆದು, ಹೊರಬರುವ ಬೆಳಕನ್ನು ಕೆಲವೇ ಡಿಗ್ರಿಗಳ ಕಿರಣಕ್ಕೆ ಇಳಿಸಿದರು. ಲೋಹವಿಲ್ಲದ ಫೋಟಾನಿಕ್ ಕ್ರಿಸ್ಟಲ್‌ನಲ್ಲೂ ಇದು ಸಾಧ್ಯವೆಂದು 2004ರಲ್ಲಿ ಲೆಕ್ಕಾಚಾರ, ಪ್ರಯೋಗ ಎರಡೂ ತೋರಿಸಿದವು.

ಇದರಲ್ಲಿ ಎರಡು ಹೆಜ್ಜೆಗಳಿವೆ. ಮೊದಲು, ಕ್ರಿಸ್ಟಲ್‌ನ ಕೊನೆಯ ಸಾಲಿನ ರಂಧ್ರಗಳ ಗಾತ್ರ ಬದಲಿಸಬೇಕು. ಆಗ ಬಾಯಿಗೆ ಬಂದ ಬೆಳಕಿನ ಒಂದು ಪಾಲು ಎಡಬಲಕ್ಕೆ ಮುಖದ ಮೇಲೆಯೇ ಹರಿಯುತ್ತದೆ. ಈ ಮೇಲ್ಮೈ ಅಲೆ ಅಲ್ಲಿಗೇ ಅಂಟಿಕೊಂಡಿರುತ್ತದೆ, ತಾನಾಗಿ ಗಾಳಿಗೆ ಬಿಡುಗಡೆಯಾಗದು. ಎರಡನೆಯದಾಗಿ, ಅದೇ ಸಾಲಿನಲ್ಲಿ ಸಮ ಅಂತರದಲ್ಲಿ ಏರಿಳಿತ ಮಾಡಬೇಕು. ಪ್ರತಿ ಏರಿಳಿತದಲ್ಲೂ ಅಲೆ ತುಸು ತುಸುವೇ ಹೊರಗೆ ಸೋರುತ್ತದೆ. ಏರಿಳಿತಗಳ ಅಂತರ ಮೇಲ್ಮೈ ಅಲೆಯ ತರಂಗಾಂತರಕ್ಕೆ ಹೊಂದಿದರೆ, ಸೋರಿದ ಅಲೆಗಳೆಲ್ಲ ನೇರ ಮುಂದಕ್ಕೆ ಒಂದೇ ಲಯದಲ್ಲಿ ಕೂಡಿಕೊಳ್ಳುತ್ತವೆ, ಪಕ್ಕದ ದಿಕ್ಕುಗಳಲ್ಲಿ ಒಂದನ್ನೊಂದು ಅಳಿಸುತ್ತವೆ. ಕಿರಿದಾದ ಬಾಯಿಯ ಬದಲು ಅಗಲವಾದ ಇಡೀ ಮುಖವೇ ಬೆಳಕು ಸೂಸುವುದರಿಂದ ಕಿರಣ ಸಪೂರವಾಗುತ್ತದೆ.

ಇದಕ್ಕೊಂದು ಮಿತಿಯಿದೆ. ಒಂದು ತರಂಗಾಂತರಕ್ಕೆ ಹೊಂದಿಸಿದ ಅಂತರ ಮತ್ತೊಂದಕ್ಕೆ ಹೊಂದದು. ಬಣ್ಣ ಬದಲಾದರೆ ಕಿರಣ ಓರೆಯಾಗುತ್ತದೆ ಇಲ್ಲವೇ ಒಡೆಯುತ್ತದೆ.

ನೀವು ಪ್ರಾಜೆಕ್ಟ್‌ಗೆ ಈ ವಿಷಯ ಆರಿಸಿಕೊಂಡರೆ ನನಗೆ ಬಹಳ ಸಂತೋಷ. ಕಂಪ್ಯೂಟರ್ ಮಾದರಿಯಲ್ಲಿ ಮೊದಲು ಸಪಾಟು ಮುಖವಿಟ್ಟು ದೂರದಲ್ಲಿ ಬೆಳಕು ಹೇಗೆ ಹಂಚಿಕೆಯಾಗುತ್ತದೆಂದು ನೋಡಿ. ಆಮೇಲೆ ಕೊನೆಯ ಸಾಲನ್ನು ಮಾತ್ರ ಬದಲಿಸಿ, ಕಡೆಗೆ ಏರಿಳಿತ ಸೇರಿಸಿ. ಮೂರು ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ಯಾವ ಬದಲಾವಣೆ ಯಾವ ಕೆಲಸ ಮಾಡಿತೆಂದು ಸ್ಪಷ್ಟವಾಗುತ್ತದೆ.