ಬರವಣಿಗೆಯಲ್ಲೇ ಎಂ.ಎ., ಜೊತೆಗೆ ಕೆಲಸದ ಅನುಭವ: ಬ್ರಿಟನ್ನಿಗೆ ಹೊರಡುವವರಿಗೆ ಹಂತ ಹಂತವಾಗಿ

ಬರೆಯುವುದು ಇಷ್ಟ, ಅದನ್ನೇ ನಂಬಿ ಬದುಕಬೇಕು ಅನ್ನುವ ಆಸೆಯೂ ಇದೆ, ಆದರೆ ಎಲ್ಲಿಂದ ಶುರು ಮಾಡಬೇಕೋ ತಿಳಿಯುತ್ತಿಲ್ಲ. ಹಾಗಿದ್ದರೆ ಇದು ನಿಮಗಾಗಿ. ನೀವು ಬಿ.ಕಾಂ. ಮಾಡಿರಬಹುದು, ಬಿ.ಎಸ್ಸಿ. ಮಾಡಿರಬಹುದು. ಭಯಪಡಬೇಡಿ, ಬ್ರಿಟನ್ನಿನ ಇಂಥ ಎಷ್ಟೋ ಕೋರ್ಸ್‌ಗಳು ಇಂಗ್ಲಿಷ್ ಸಾಹಿತ್ಯದ ಪದವಿಯೇ ಬೇಕು ಎಂದು ಹಟ ಹಿಡಿಯುವುದಿಲ್ಲ. ನಿಮ್ಮ ಬರಹದ ಮಾದರಿ ನೋಡಿ ತೀರ್ಮಾನಿಸುತ್ತವೆ.

ಪ್ರೊಫೆಷನಲ್ ರೈಟಿಂಗ್ ಅಂದರೆ ಯಾರಿಗೋ ಬೇಕಾದ್ದನ್ನು ಅವರಿಗೆ ಅರ್ಥವಾಗುವಂತೆ ಬರೆದುಕೊಡುವ ಕೆಲಸ. ಆಸ್ಪತ್ರೆಯ ಕರಪತ್ರ, ಸಾಫ್ಟ್‌ವೇರ್ ಕೈಪಿಡಿ, ಮ್ಯೂಸಿಯಂನ ಫಲಕ, ಸೇವಾಸಂಸ್ಥೆಯ ವರದಿ, ಜಾಲತಾಣದ ಪುಟ ಎಲ್ಲವೂ ಇದರಲ್ಲಿ ಬರುತ್ತವೆ. ಬ್ರಿಟನ್ನಿನಲ್ಲಿ ಎಂ.ಎ. ಸಾಮಾನ್ಯವಾಗಿ ಒಂದು ವರ್ಷದ್ದು, ಒಟ್ಟು 180 ಕ್ರೆಡಿಟ್. ಪ್ಲೇಸ್‌ಮೆಂಟ್ ಎಂದರೆ ಅಲ್ಲಿ ಓದಿನ ಭಾಗವಾಗಿ ಒಂದು ಸಂಸ್ಥೆಯಲ್ಲಿ ಕೆಲಸ ಮಾಡುವ ಅವಧಿ. ನಮ್ಮ ಕಾಲೇಜುಗಳ ಕ್ಯಾಂಪಸ್ ನೌಕರಿ ಅಲ್ಲ.

ಹಂತ 1: ಯಾವ ಬರವಣಿಗೆ ಎಂದು ಒಂದು ಸಾಲಿನಲ್ಲಿ ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. "ನಾನು ಇಂಥವರಿಗಾಗಿ ಇಂಥದ್ದನ್ನು ಬರೆಯಬೇಕು" ಎಂದು ಒಂದೇ ಸಾಲು ಬರೆಯಿರಿ. ಕೋರ್ಸ್‌ಗಳ ಹೆಸರು ಪ್ರೊಫೆಷನಲ್ ರೈಟಿಂಗ್, ಕ್ರಿಯೇಟಿವ್ ಆ್ಯಂಡ್ ಪ್ರೊಫೆಷನಲ್ ರೈಟಿಂಗ್, ಪಬ್ಲಿಷಿಂಗ್, ಟೆಕ್ನಿಕಲ್ ಕಮ್ಯುನಿಕೇಷನ್ ಎಂದೆಲ್ಲ ಇರುತ್ತದೆ. ಈ ಸಾಲು ಕೈಯಲ್ಲಿದ್ದರೆ ಆಯ್ಕೆ ಸಲೀಸು.

ಹಂತ 2: ಪ್ಲೇಸ್‌ಮೆಂಟ್ ಮಾಡ್ಯೂಲ್ ಓದಿ

ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ನೋಡೋಣ. ವಿಶ್ವವಿದ್ಯಾಲಯದ ರ್‍ಯಾಂಕಿಂಗನ್ನು ಸದ್ಯಕ್ಕೆ ಬದಿಗಿಡಿ. ಕೋರ್ಸ್ ಪುಟದಲ್ಲಿ ಮಾಡ್ಯೂಲ್‌ಗಳ ಪಟ್ಟಿ ತೆರೆದು ಪ್ಲೇಸ್‌ಮೆಂಟ್ ಎಲ್ಲಿದೆ ಎಂದು ಹುಡುಕಿ. "ಅವಕಾಶಗಳಿವೆ" ಎಂಬ ಮಾತು ಜಾಹೀರಾತಿನಲ್ಲಿದ್ದು ಮಾಡ್ಯೂಲ್ ಪಟ್ಟಿಯಲ್ಲಿ ಇಲ್ಲದಿದ್ದರೆ ಅದನ್ನು ನೆಚ್ಚಿಕೊಳ್ಳಬೇಡಿ.

ಮಾಡ್ಯೂಲ್ ಇದೆ ಎಂದಾದರೆ ಪ್ರವೇಶ ವಿಭಾಗಕ್ಕೆ ಇಮೇಲ್ ಮಾಡಿ ನಾಲ್ಕು ಪ್ರಶ್ನೆ ಕೇಳಿ. ಪ್ಲೇಸ್‌ಮೆಂಟ್ ಎಷ್ಟು ವಾರ? ಅದಕ್ಕೆ ಎಷ್ಟು ಕ್ರೆಡಿಟ್? ಸಂಸ್ಥೆಯನ್ನು ನೀವು ಹುಡುಕಿಕೊಡುತ್ತೀರೋ, ನಾನೇ ಹುಡುಕಬೇಕೋ? ಸಿಗದಿದ್ದರೆ ಮುಂದೇನು? ಕೇಳಲು ಸಂಕೋಚ ಬೇಡ, ಇದು ಅವರಿಗೆ ದಿನನಿತ್ಯದ ಪ್ರಶ್ನೆ.

ಕೆಲವು ಕೋರ್ಸ್‌ಗಳಿಗೆ ಎರಡು ವರ್ಷದ ರೂಪವೂ ಇದೆ, ನಡುವೆ ತಿಂಗಳುಗಟ್ಟಲೆ ಕೆಲಸ. ಕೇಳಲು ಚೆನ್ನ. ಆದರೆ ಕೆಲಸ ಹುಡುಕುವ ಹೊಣೆ ಸಾಮಾನ್ಯವಾಗಿ ವಿದ್ಯಾರ್ಥಿಯದೇ, ಸಿಗದಿದ್ದರೆ ಒಂದು ವರ್ಷದ ಕೋರ್ಸಿಗೆ ವರ್ಗಾಯಿಸುವುದೂ ಉಂಟು. ಆಗ ವೀಸಾ ಅವಧಿಯೂ ಮೊಟಕಾಗಬಹುದು. ನನ್ನನ್ನು ಕೇಳಿದರೆ, ಮೊದಲ ಸಲ ಹೊರಡುವವರಿಗೆ ಕೆಲವೇ ವಾರದ, ಆದರೆ ಕ್ರೆಡಿಟ್ ಇರುವ, ವಿಭಾಗದವರೇ ಮುಂದೆ ನಿಂತು ಹೊಂದಿಸಿಕೊಡುವ ಪ್ಲೇಸ್‌ಮೆಂಟ್ ಹೆಚ್ಚು ಭದ್ರ.

ಹಂತ 3: ಮೂರು ಬರಹಗಳ ಪೋರ್ಟ್‌ಫೋಲಿಯೊ ಮಾಡಿ

"ನನ್ನದು ಒಂದೂ ಪ್ರಕಟವಾಗಿಲ್ಲವಲ್ಲ" ಎಂದು ಕೂರಬೇಡಿ. ಪ್ರಕಟವಾಗಿರಬೇಕಿಲ್ಲ. ನಿಮ್ಮ ಊರಿನ ಬ್ಯಾಂಕಿಗೆ ಹೋಗಿ ಗೋಡೆಯ ಮೇಲಿನ ಸೂಚನೆ ಓದಿ. ಇಂಥದ್ದೊಂದು ಸಿಗುತ್ತದೆ:

"ಸದರಿ ಸೌಲಭ್ಯವನ್ನು ಪಡೆಯಲಿಚ್ಛಿಸುವ ಗ್ರಾಹಕರು ಅಗತ್ಯ ದಾಖಲೆಗಳೊಂದಿಗೆ ನಿಗದಿತ ಅವಧಿಯೊಳಗಾಗಿ ಶಾಖೆಯನ್ನು ಸಂಪರ್ಕಿಸತಕ್ಕದ್ದು."

ಓದಿದವರಿಗೆ ಏನೂ ತಿಳಿಯಲಿಲ್ಲ. ಈಗ ತಿದ್ದಿ:

"ಈ ತಿಂಗಳ 25ರೊಳಗೆ ಬನ್ನಿ. ಆಧಾರ್ ಮತ್ತು ಪಾಸ್‌ಬುಕ್ ತನ್ನಿ. 3ನೇ ಕೌಂಟರಿನಲ್ಲಿ ಕೊಡಿ."

ಗಮನಿಸಿ: 25, ಆಧಾರ್, 3ನೇ ಕೌಂಟರ್ ಇವು ಯಾವುವೂ ಮೂಲದಲ್ಲಿರಲಿಲ್ಲ. ಅವನ್ನು ತಿಳಿಯಲು ನೀವು ಗುಮಾಸ್ತರನ್ನು ಹೋಗಿ ಕೇಳಬೇಕಾಯಿತು. ಈ ವೃತ್ತಿಯ ಅರ್ಧ ಕೆಲಸ ಆ ಕೇಳುವುದರಲ್ಲೇ ಇದೆ. ಇದೇ ಅಭ್ಯಾಸವನ್ನು ಇಂಗ್ಲಿಷಿನ ಒಂದು ಸೂಚನೆಯ ಮೇಲೆ ಮಾಡಿ, ಮೊದಲಿನದು ಮತ್ತು ತಿದ್ದಿದ್ದು ಎರಡನ್ನೂ ಒಂದೇ ಪುಟದಲ್ಲಿಡಿ. ಕೆಳಗೆ ಏಕೆ ಬದಲಿಸಿದಿರಿ ಎಂದು ನೂರು ಪದಗಳ ಟಿಪ್ಪಣಿ ಸೇರಿಸಿ.

ಎರಡನೆಯದು ಒಂದು ಸಂದರ್ಶನ ಆಧಾರಿತ ಲೇಖನ ಇರಲಿ. ಮೂರನೆಯದು ಒಂದು ಕೈಪಿಡಿ ಪುಟ. ಮನೆಯ ಯುಪಿಎಸ್ ಬಳಸುವ ವಿಧಾನವಾದರೂ ಸರಿ. ಕನ್ನಡದಿಂದ ಮಾಡಿದ ಅನುವಾದವಿದ್ದರೆ ಅದನ್ನೂ ಸೇರಿಸಿ. ಎರಡು ಭಾಷೆಯಲ್ಲಿ ಯೋಚಿಸಬಲ್ಲಿರಿ ಎಂಬುದಕ್ಕೆ ಅದು ಪುರಾವೆ.

ಸರಳ ಬರವಣಿಗೆಗೆ ಬ್ರಿಟನ್ನಿನಲ್ಲಿ ಇಷ್ಟು ಬೆಲೆ ಬರಲು ಒಂದು ಹೋರಾಟವೇ ನಡೆದಿದೆ. 1979ರಲ್ಲಿ ಕ್ರಿಸ್ಸಿ ಮಾಹರ್ ಎಂಬಾಕೆ ಲಂಡನ್ನಿನ ಪಾರ್ಲಿಮೆಂಟ್ ಸ್ಕ್ವೇರ್‌ನಲ್ಲಿ ಅರ್ಥವಾಗದ ಸರ್ಕಾರಿ ಫಾರಂಗಳನ್ನು ಚೂರು ಚೂರು ಮಾಡಿ 'ಪ್ಲೇನ್ ಇಂಗ್ಲಿಷ್ ಕ್ಯಾಂಪೇನ್' ಶುರು ಮಾಡಿದರು. 2012ರಲ್ಲಿ ಶುರುವಾದ ಸರ್ಕಾರದ ಗವ್.ಯುಕೆ ಜಾಲತಾಣ ಅದೇ ದಾರಿಯಲ್ಲಿ ನಡೆಯಿತು. ಆ ಜಾಲತಾಣದ ಸ್ಟೈಲ್ ಗೈಡ್ ಉಚಿತವಾಗಿ ಸಿಗುತ್ತದೆ. ಪೋರ್ಟ್‌ಫೋಲಿಯೊ ತಿದ್ದುವಾಗ ಅದನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ.

ಹಂತ 4: ಅರ್ಜಿಯ ಜೊತೆಗಿಡುವ ಪರ್ಸನಲ್ ಸ್ಟೇಟ್‌ಮೆಂಟ್ ಬರೆಯಿರಿ

"ಬಾಲ್ಯದಿಂದಲೂ ಬರವಣಿಗೆ ಎಂದರೆ ಪ್ರಾಣ" ಎಂದು ಆರಂಭಿಸಬೇಡಿ. ಹಂತ 1ರ ಆ ಒಂದು ಸಾಲಿನಿಂದ ಆರಂಭಿಸಿ. ಏನು ಬರೆದಿದ್ದೀರಿ, ಏನು ಬರುವುದಿಲ್ಲ, ಈ ಕೋರ್ಸಿನ ಯಾವ ಮಾಡ್ಯೂಲ್ ಅದನ್ನು ಕಲಿಸುತ್ತದೆ ಎಂದು ಹೇಳಿ ಮುಗಿಸಿ. ಎಐ ಸಾಧನದಿಂದ ಬರೆಸಬೇಡಿ. ನೀವು ಸೇರಲು ಹೊರಟಿರುವುದೇ ಬರವಣಿಗೆಯ ಕೋರ್ಸಿಗೆ, ಅವರು ನಿಮ್ಮ ದನಿಯನ್ನೇ ಹುಡುಕುತ್ತಿರುತ್ತಾರೆ.

ಹಂತ 5: ಹೆಸರು ಒಂದೇ ಇದೆಯೇ ನೋಡಿ

ನಮ್ಮ ಕಡೆಯವರಿಗೆ ಇದೊಂದು ಪ್ರತ್ಯೇಕ ಹಂತವೇ ಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ "ಎಚ್.ಆರ್." ಎಂದು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಊರು ಮತ್ತು ತಂದೆಯ ಹೆಸರು ಬಿಡಿಸಿ ಬರೆದಿರುವುದು, ಪದವಿ ಪ್ರಮಾಣಪತ್ರದಲ್ಲಿ ಮತ್ತೊಂದು ರೀತಿ. ಎಲ್ಲವನ್ನೂ ಮೇಜಿನ ಮೇಲೆ ಹರಡಿ ಅಕ್ಷರ ಅಕ್ಷರ ಹೋಲಿಸಿ. ವ್ಯತ್ಯಾಸವಿದ್ದರೆ ಈಗಲೇ ನೋಟರಿ ಮುಂದೆ ಅಫಿಡವಿಟ್ ಮಾಡಿಸಿಟ್ಟುಕೊಳ್ಳಿ.

ಹಂತ 6: ಅರ್ಜಿ ಹಾಕಿ

ಬಹುತೇಕ ಎಂ.ಎ. ಕೋರ್ಸ್‌ಗಳಿಗೆ ವಿಶ್ವವಿದ್ಯಾಲಯದ ಜಾಲತಾಣದಲ್ಲೇ ನೇರ ಅರ್ಜಿ. ಇಬ್ಬರು ಅಧ್ಯಾಪಕರ ಶಿಫಾರಸು ಪತ್ರ ಕೇಳಬಹುದು. ಮೇಷ್ಟ್ರ ಕಾಲೇಜಿನ ಇಮೇಲ್ ವಿಳಾಸವನ್ನೇ ಕೊಡಿ, ಜಿಮೇಲ್ ವಿಳಾಸವನ್ನು ಕೆಲವರು ಒಪ್ಪುವುದಿಲ್ಲ. ಐಇಎಲ್‌ಟಿಎಸ್ ಅಂಕ ಬರವಣಿಗೆಯ ವಿಭಾಗಕ್ಕೆ ಬೇರೆಯಾಗಿ ಎಷ್ಟು ಬೇಕು ಎಂದು ನೋಡಿಕೊಳ್ಳಿ.

ಹಂತ 7: ಹಣ ಹೊಂದಿಸಿ

ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳು ಸಮಾಜ ಕಲ್ಯಾಣ ಇಲಾಖೆಯ 'ಪ್ರಬುದ್ಧ' ಯೋಜನೆಯ ನಿಯಮ ನೋಡಿ, ನಿಮ್ಮ ಕೋರ್ಸ್ ಅದರಡಿ ಬರುತ್ತದೆಯೇ ಎಂದು ಕೇಳಿ. ಎರಡು ವರ್ಷ ಕೆಲಸ ಮಾಡಿದ್ದರೆ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೂ ಪ್ರಯತ್ನಿಸಿ. ಮಿಕ್ಕವರಿಗೆ ಬ್ಯಾಂಕ್ ಸಾಲ.

ವೀಸಾಕ್ಕೆ ತೋರಿಸುವ ಹಣ ಖಾತೆಯಲ್ಲಿ ಸತತ 28 ದಿನ ಇರಬೇಕು. 27ನೇ ದಿನ ಸಾವಿರ ರೂಪಾಯಿ ತೆಗೆದು ಮೊತ್ತ ಕಡಿಮೆಯಾದರೂ ಎಣಿಕೆ ಮತ್ತೆ ಮೊದಲಿಂದ. ಸ್ವಲ್ಪ ಹೆಚ್ಚೇ ಇಟ್ಟು ಆ ಖಾತೆಯನ್ನು ಮುಟ್ಟದೆ ಬಿಡಿ.

ಹಂತ 8: ವೀಸಾ ಮಾಡಿಸಿ

ವಿಶ್ವವಿದ್ಯಾಲಯ ಕ್ಯಾಸ್ (ಪ್ರವೇಶ ದೃಢೀಕರಣ) ಸಂಖ್ಯೆ ಕೊಟ್ಟ ಮೇಲೆ ಅರ್ಜಿ. ಕ್ಯಾಸ್‌ನಲ್ಲಿ ಪ್ಲೇಸ್‌ಮೆಂಟ್ ವಿವರ ನಮೂದಾಗಿದೆಯೇ ಎಂದು ಓದಿ. ಕ್ಷಯ ಪರೀಕ್ಷೆಯ ಪ್ರಮಾಣಪತ್ರವೂ ಬೇಕು, ಅವರು ಒಪ್ಪಿದ ಕ್ಲಿನಿಕ್‌ನದ್ದೇ ಆಗಿರಬೇಕು. ಆರೋಗ್ಯ ಸರ್‌ಚಾರ್ಜ್ ವಿದ್ಯಾರ್ಥಿಗಳಿಗೆ ವರ್ಷಕ್ಕೆ 776 ಪೌಂಡ್, ಇದನ್ನು ಬಜೆಟ್ಟಿನಲ್ಲಿ ಮರೆಯಬೇಡಿ.

ಹಂತ 9: ಅಲ್ಲಿಗೆ ಹೋದ ಕೂಡಲೇ ಪ್ಲೇಸ್‌ಮೆಂಟ್ ಹುಡುಕಿ

ಸೆಪ್ಟೆಂಬರಿನಲ್ಲಿ ತರಗತಿ ಶುರು. "ಜನವರಿಗೆ ನೋಡೋಣ" ಎನ್ನಬೇಡಿ. ಅಕ್ಟೋಬರಿನಲ್ಲೇ ಹತ್ತು ಸಂಸ್ಥೆಗಳ ಪಟ್ಟಿ ಮಾಡಿ. ದೊಡ್ಡ ಪ್ರಕಾಶನಗಳ ಬಾಗಿಲಲ್ಲಿ ನೂಕುನುಗ್ಗಲು. ಸ್ಥಳೀಯ ಮ್ಯೂಸಿಯಂ, ಸೇವಾಸಂಸ್ಥೆ, ನಗರಪಾಲಿಕೆಯ ಸಂವಹನ ವಿಭಾಗ, ಸಣ್ಣ ಪತ್ರಿಕೆ ಇವನ್ನು ಮೊದಲು ನೋಡಿ.

ಇಮೇಲ್‌ನಲ್ಲಿ "ರೆಸ್ಪೆಕ್ಟೆಡ್ ಸರ್" ಬೇಡ. ಹೆಸರು ಹಿಡಿದು ಬರೆಯುವುದೇ ಅಲ್ಲಿನ ರೂಢಿ, ಅಗೌರವವಲ್ಲ. ಐದು ಸಾಲು ಸಾಕು: ನಾನು ಯಾರು, ನಿಮ್ಮ ಯಾವ ಪುಟ ಓದಿದೆ, ಅದರಲ್ಲಿ ನಾನು ಏನು ಮಾಡಿಕೊಡಬಲ್ಲೆ, ಯಾವ ತಿಂಗಳು ಬರಬಲ್ಲೆ, ಮಾದರಿ ಬರಹದ ಕೊಂಡಿ ಇಲ್ಲಿದೆ. ಉತ್ತರ ಬರದಿದ್ದರೆ ಒಂದು ವಾರ ಬಿಟ್ಟು ಒಮ್ಮೆ ನೆನಪಿಸಿ. ಮೌನವನ್ನು ಅವಮಾನ ಎಂದು ತಿಳಿಯಬೇಡಿ.

ಒಂದು ವಿಷಯ ಮೊದಲೇ ತಿಳಿದಿರಲಿ: ಓದಿನ ಭಾಗವಾದ ಒಂದು ವರ್ಷದೊಳಗಿನ ಪ್ಲೇಸ್‌ಮೆಂಟಿಗೆ ಅಲ್ಲಿನ ಕಾನೂನಿನ ಪ್ರಕಾರ ಕನಿಷ್ಠ ವೇತನ ಕೊಡಲೇಬೇಕೆಂದಿಲ್ಲ. ಬಸ್ ಖರ್ಚು, ಊಟದ ಖರ್ಚು ಕೊಡುತ್ತಾರೆಯೇ ಎಂದು ಒಪ್ಪಿಕೊಳ್ಳುವ ಮೊದಲೇ ಕೇಳಿ.

ಹಂತ 10: ವೀಸಾ ಗೆರೆ ದಾಟಬೇಡಿ

ಬರೆಯುವವರು ಗೊತ್ತಿಲ್ಲದೆ ಸಿಕ್ಕಿಬೀಳುವ ಜಾಗ ಇದು. ಸ್ಟೂಡೆಂಟ್ ವೀಸಾದಲ್ಲಿ ಸ್ವಯಂ ಉದ್ಯೋಗಕ್ಕೆ ಅವಕಾಶವಿಲ್ಲ. ಅಂದರೆ ಫ್ರೀಲಾನ್ಸ್ ಬರವಣಿಗೆ, ಫೈವರ್ ಅಥವಾ ಅಪ್‌ವರ್ಕ್ ಮೂಲಕ ಹಿಡಿಯುವ ಸಣ್ಣ ಗುತ್ತಿಗೆ, ಯಾವುದೂ ಇಲ್ಲ. ಮೊತ್ತ ಚಿಕ್ಕದು ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಬೆಂಗಳೂರಿನ ಸಂಸ್ಥೆಗೆ ಅಲ್ಲಿ ಕೂತು ಬರೆದುಕೊಡುವ ಯೋಚನೆಯಿದ್ದರೂ ಮೊದಲು ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿಭಾಗವನ್ನು ಕೇಳಿ.

ಸಂಬಳದ ಪಾರ್ಟ್‌ಟೈಂ ಕೆಲಸ ತರಗತಿಗಳ ಅವಧಿಯಲ್ಲಿ ವಾರಕ್ಕೆ 20 ಗಂಟೆ. ಬೇಸಿಗೆಯಲ್ಲಿ ಪ್ರಬಂಧ ಬರೆಯುವ ತಿಂಗಳುಗಳು ರಜೆಯಂತೆ ಕಂಡರೂ ಎಂ.ಎ. ವಿದ್ಯಾರ್ಥಿಗೆ ಸಾಮಾನ್ಯವಾಗಿ ಅವೂ ಓದಿನ ಅವಧಿಯೇ. ಕೋರ್ಸಿನ ಭಾಗವಾದ ಪ್ಲೇಸ್‌ಮೆಂಟಿಗೆ ಮಾತ್ರ ಈ 20 ಗಂಟೆಯ ಮಿತಿ ಇಲ್ಲ. ಹಂತ 2ರಲ್ಲಿ ಕ್ರೆಡಿಟ್ ಬಗ್ಗೆ ಅಷ್ಟು ಒತ್ತಿ ಹೇಳಿದ್ದು ಇದಕ್ಕೇ.

ಹಂತ 11: ಮೊದಲ ದಿನ ಸ್ಟೈಲ್ ಗೈಡ್ ಕೇಳಿ

ಕಚೇರಿಗೆ ಹೋದ ಕೂಡಲೇ "ನಿಮ್ಮ ಹೌಸ್ ಸ್ಟೈಲ್ ಏನು?" ಎಂದು ಕೇಳಿ. ದಿನಾಂಕ ಹೇಗೆ ಬರೆಯುತ್ತಾರೆ, ಅಂಕಿಯನ್ನು ಅಕ್ಷರದಲ್ಲಿ ಯಾವಾಗ ಬರೆಯುತ್ತಾರೆ ಎಲ್ಲ ಅದರಲ್ಲಿರುತ್ತದೆ. ವರ್ಡ್‌ನಲ್ಲಿ ಟ್ರ್ಯಾಕ್ ಚೇಂಜಸ್ ಆನ್ ಮಾಡಿಕೊಂಡೇ ತಿದ್ದಿ. ಬೇರೆಯವರ ಬರಹವನ್ನು ಗುರುತು ಉಳಿಸದೆ ಬದಲಿಸಬಾರದು.

ನಿಮ್ಮ ಕರಡು ಕೆಂಪು ಗೆರೆಗಳಿಂದ ತುಂಬಿ ವಾಪಸ್ ಬರುತ್ತದೆ. ಭಯಪಡಬೇಡಿ, ಅನುಭವಿಗಳ ಕರಡೂ ಹಾಗೇ ಬರುತ್ತದೆ. ಪ್ರತಿ ತಿದ್ದುಪಡಿಯನ್ನು ಒಪ್ಪುವ ಮೊದಲು "ಇದು ಏಕೆ?" ಎಂದು ನಿಮಗೆ ನೀವೇ ಉತ್ತರ ಕೊಟ್ಟುಕೊಳ್ಳಿ. ತಿಳಿಯದಿದ್ದರೆ ಕೇಳಿ.

ಹಂತ 12: ದಿನಕ್ಕೆ ನಾಲ್ಕು ಸಾಲು ದಾಖಲಿಸಿ

ಪ್ಲೇಸ್‌ಮೆಂಟ್ ಮುಗಿದ ಮೇಲೆ ಹೆಚ್ಚಿನ ಕಡೆ ಒಂದು ಅವಲೋಕನ ವರದಿ ಬರೆಯಬೇಕು, ಅಂಕ ಅದಕ್ಕೇ. ಇವತ್ತು ಏನು ಕೊಟ್ಟರು, ಏನು ಮಾಡಿದೆ, ಏನು ಬದಲಾಯಿತು, ಏಕೆ ಎಂದು ಅದೇ ಸಂಜೆ ಬರೆದಿಡಿ.

ಹಂತ 13: ಹೊರಡುವ ಮುನ್ನ ಲಿಖಿತ ಅನುಮತಿ ಪಡೆಯಿರಿ

ಅಲ್ಲಿ ನೀವು ಬರೆದದ್ದರ ಹಕ್ಕು ಆ ಸಂಸ್ಥೆಯದಾಗಿರಬಹುದು. ಯಾವ ಪುಟಗಳನ್ನು ಪೋರ್ಟ್‌ಫೋಲಿಯೊದಲ್ಲಿ ತೋರಿಸಬಹುದು ಎಂದು ಇಮೇಲ್‌ನಲ್ಲೇ ಕೇಳಿ, ಉತ್ತರ ಉಳಿಸಿಕೊಳ್ಳಿ. ಅದೇ ಇಮೇಲ್‌ನಲ್ಲಿ ಮುಂದೆ ಶಿಫಾರಸು ಕೊಡುವಿರಾ ಎಂದೂ ಕೇಳಿಬಿಡಿ. ಎಂ.ಎ. ಮುಗಿದ ಮೇಲೆ ಗ್ರಾಜುಯೇಟ್ ವೀಸಾಕ್ಕೆ ಅರ್ಜಿ ಹಾಕಬಹುದು. 2027ರ ಜನವರಿ 1ರಿಂದ ಅರ್ಜಿ ಹಾಕುವ ಎಂ.ಎ. ಪದವೀಧರರಿಗೆ ಅದು 18 ತಿಂಗಳು. ಆ ವೀಸಾದಲ್ಲಿ ಫ್ರೀಲಾನ್ಸ್ ಬರವಣಿಗೆಗೂ ಅಡ್ಡಿಯಿಲ್ಲ. ಅರ್ಜಿಯನ್ನು ಬ್ರಿಟನ್ನಿನಲ್ಲಿದ್ದಾಗಲೇ, ಸ್ಟೂಡೆಂಟ್ ವೀಸಾ ಮುಗಿಯುವ ಮೊದಲೇ ಹಾಕಬೇಕು. ಊರಿಗೆ ಬರುವ ಟಿಕೆಟ್ ಆಮೇಲೆ ತೆಗೆಯಿರಿ.